ಹೊಲಿಗೆಯೊಳಗಿನ ಎರಡು ಬೆರಳು

ಹೊಳೆ ತಿರುವು ತೆಗೆದುಕೊಳ್ಳುವ ಕಡೆ, ಒಂದು ಬೇವಿನ ಮರದ ಪಕ್ಕ, ಗುರುಸಿದ್ಧವ್ವನವರ ಆಶ್ರಮ. ಅಲ್ಲಿ ಮಂತ್ರ ಕಡಿಮೆ, ಹೊಲಿಗೆ ಜಾಸ್ತಿ. ಕಲಿಯಲು ಬಂದ ಹೆಣ್ಣುಮಕ್ಕಳ ಕೈಯಲ್ಲಿ ಜಪಮಾಲೆ ಇರುತ್ತಿರಲಿಲ್ಲ, ಸೂಜಿ ದಾರ ಇರುತ್ತಿತ್ತು.

"ಇದೆಂಥಾ ಆಶ್ರಮ?" ಎಂದು ಯಾರಾದರೂ ಮೂಗು ಮುರಿದರೆ ಗುರುಸಿದ್ಧವ್ವನವರು ವಾದಕ್ಕೆ ಇಳಿಯುತ್ತಿರಲಿಲ್ಲ. ಮೂಗು ಮುರಿದವರ ಅಂಗಿಯಲ್ಲಿ ಕಿತ್ತುಹೋದ ಗುಂಡಿ ಹುಡುಕಿ, ಹಚ್ಚಿಕೊಟ್ಟು ಕಳಿಸುತ್ತಿದ್ದರು.

ಅಲ್ಲಿಗೆ ಹೊಸ ಬಟ್ಟೆ ಬರುವಂತಿರಲಿಲ್ಲ. ಹೊಳೆಯ ಎರಡೂ ದಂಡೆಯ ಊರುಗಳಿಂದ ಹೆಂಗಸರು ಉಟ್ಟು ಹಳತಾದ ಸೀರೆ ತಂದು ಕೊಡುತ್ತಿದ್ದರು. ಗೋಡೆಯ ಬದಿಗೆ ಒಂದು ತಗಡಿನ ಟ್ರಂಕು. ಅದರ ತುಂಬ ಪೇಪರ್ ಕಟಿಂಗು: ಹಿಂದಿನವರು ಹಳೇ ಪತ್ರಿಕೆಗಳಲ್ಲಿ ಅಳತೆ ಹಿಡಿದು ಕತ್ತರಿಸಿಟ್ಟ ತೋಳು, ಬೆನ್ನು, ಕೊರಳು. ಆ ಪತ್ರಿಕೆಗಳ ಸುದ್ದಿ ಎಂದೋ ಹಳಸಿತ್ತು, ತೋಳಿನ ಅಳತೆ ಹಳಸಿರಲಿಲ್ಲ.

ಆ ಸೀರೆಯ ಮೇಲೆ ಆ ಕಾಗದ ಇಟ್ಟು, ಪ್ರತಿ ಶಿಷ್ಯೆಯೂ ತನ್ನ ಉಡುಪನ್ನು ತಾನೇ ಹೊಲಿದುಕೊಳ್ಳಬೇಕು. ಖರ್ಚು ಅಂದರೆ ದಾರದ್ದೊಂದೇ.

ನಿಂಬೆವ್ವ ಅಲ್ಲಿ ಶಿಷ್ಯೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಅವಸರ ಎರಡಕ್ಕಿಂತಲೂ ಮುಂದೆ. ಅವಳ ಅಕ್ಕ ಕಸ್ತೂರಿಯ ಮದುವೆ ಹೊಳೆಯಾಚೆಯ ಊರಿನ ಹುಡುಗನ ಜೊತೆ ಗೊತ್ತಾಗಿತ್ತು.

"ಅವ್ವಾರ, ಅಕ್ಕನ ಲಗ್ನಕ್ಕ ನಾ ಹೊಲಿದದ್ದ ತೊಟ್ಕೊಂಡು ಹೋಗ್ಬೇಕ್ರಿ," ಅಂದಳು ನಿಂಬೆವ್ವ. "ಕಾಲತನಕ ಬರೋ ಉದ್ದನ್ನ ಫ್ರಾಕು. ಉಬ್ಬು ತೋಳಿಂದು."

"ಹೊಲಿ. ಬ್ಯಾಡ ಅಂದವ್ರ್ಯಾರು?"

"ಆದ್ರ ಒಂದು ಮಾತ್ರಿ. ಬಟ್ಟಿ ಯಾರದಂತ ಯಾರಿಗೂ ಗುರುತು ಹತ್ತಬಾರ್ದು."

"ಯಾಕ?"

ನಿಂಬೆವ್ವ ಹೊಳೆಯ ಕಡೆ ಮುಖ ತಿರುಗಿಸಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವ್ವನವರ ಮುಂದೆ ಮುಚ್ಚಿಡುವುದು ಆಗದೆ ಹೇಳಿದಳು.

ಚಿಕ್ಕವಳಿದ್ದಾಗ ಅವಳಿಗೆ ಸಿಗುತ್ತಿದ್ದುದು ಚಿಗವ್ವನ ಮಗಳು ವನಜಾ ತೊಟ್ಟು ಬಿಟ್ಟ ಅಂಗಿಗಳು. ಒಂದು ನಾಗರ ಪಂಚಮಿಯ ದಿನ ಹಳದಿ ಅಂಗಿ ತೊಟ್ಟು ಜೋಕಾಲಿ ಹತ್ತಿದ್ದಳು. ಜೀಕಿ ಜೀಕಿ, ಮೇಲಿನ ಟೊಂಗೆಯ ಎಲೆ ಕಾಲಿಗೆ ತಾಗುವಷ್ಟು ಎತ್ತರ ಹೋದಾಗ ಕೆಳಗಿನಿಂದ ವನಜಾ ಕೂಗಿದಳು: "ಆ ಅಂಗಿ ನಂದು! ಅದು ನಂದು!" ಓಣಿಗೆ ಓಣಿಯೇ ನಕ್ಕಿತು. ಮೇಲೆ ಹೋದ ಜೋಕಾಲಿ ಕೆಳಗೆ ಬರಲೇಬೇಕಲ್ಲ, ಬಂತು. ಅವತ್ತು ಇಳಿದ ನಿಂಬೆವ್ವ ಮತ್ತೆ ಜೋಕಾಲಿ ಹತ್ತಲಿಲ್ಲ.

"'ಇದು ನಂದು' ಅನ್ನೋ ಮಾತು ಲಗ್ನದಾಗ ಕೇಳಿದ್ರ, ನಾ ಅಲ್ಲೇ ನೆಲದಾಗ ಇಳದು ಹೋಗ್ತೀನ್ರಿ."

ಅವ್ವನವರು ಸೀರೆಗಳ ಗಂಟು ತಂದು ಅವಳ ಮುಂದೆ ಬಿಚ್ಚಿದರು.

ನಿಂಬೆವ್ವನ ಕೈ ನೇರ ಒಂದು ಇಳಕಲ್ ಸೀರೆಗೆ ಹೋಯಿತು. ಬದನೆಕಾಯಿ ಬಣ್ಣದ ಒಡಲು, ಅಂಚಿಗೆ ಕೆಂಪು ದಡಿ, ಕೆಂಪು ಸೆರಗು. ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿತ್ತು. ನಡುವೆ ಒಂದು ಕಡೆ ಹರಿದಿದ್ದನ್ನು ಯಾರೋ ಎಳೆಗೆ ಎಳೆ ಕೂಡಿಸಿ ರಫೂ ಮಾಡಿದ್ದರು. ಅಂಗೈ ಅಗಲದ ರಫೂ, ಅದೂ ಹಸಿರು ದಾರದಲ್ಲಿ.

"ಇದು ಯಾರ ಸೀರಿ ರಿ?"

"ಉಟ್ಟಾಕಿದು."

"ಉಟ್ಟಾಕಿ ಯಾರ್ರಿ?"

"ಅದನ್ನ ಹೇಳಿದ್ರ ನೀ ಇದನ್ನ ಮುಟ್ಟೂದಿಲ್ಲ," ಅಂದರು ಅವ್ವನವರು.

ಆಮೇಲೆ ಟ್ರಂಕಿನ ತಳದಿಂದ ಒಂದು ಕಾಗದದ ಸುರುಳಿ ತೆಗೆದರು. ಅಂಚೆಲ್ಲ ಹಳದಿ, ಮೈತುಂಬ ಗುಂಡುಸೂಜಿಯ ತೂತು.

"ನನ್ನ ಗುರು ಕತ್ತರಿಸಿದ್ದು. ಉಬ್ಬು ತೋಳು, ಎತ್ತರದ ನಡ, ಎಡಕ್ಕ ಒಂದು ಕಿಸೆ."

"ಫ್ರಾಕಿಗೆ ಕಿಸೇನ್ರಿ?"

"ಯಾಕ, ನಿನಗ ಕೈ ಇಲ್ಲೇನು?"

ಕಾಗದದ ಮೇಲೆ ಒಂದರ ಒಳಗೊಂದು ಎರಡು ಗೀಟು ಎಳೆದಿದ್ದರು. ಅವ್ವನವರು ಬೆರಳಿಟ್ಟು ತೋರಿಸಿದರು. "ಒಳಗಿನ ಗೀಟು ಸೂಜಿಗೆ. ಹೊರಗಿನ ಗೀಟು ಕತ್ರಿಗೆ. ನಡುವ ಎರಡು ಬೆರಳು ಬಟ್ಟಿ ಬಿಡಬೇಕು."

"ಒಳಗ ಮಡಚಿ ಇಟ್ರ ಯಾರ ಕಣ್ಣಿಗೂ ಕಾಣೂದಿಲ್ಲಲ್ರಿ?"

"ಕಾಣೂದಿಲ್ಲ," ಅಂದರು ಅವ್ವನವರು. ಅಷ್ಟೇ ಅಂದು ಅವರೆಕಾಯಿ ಸುಲಿಯಲು ಹೋದರು.

ನಿಂಬೆವ್ವ ಕತ್ತರಿ ಹಿಡಿದಳು. ದಡಿ ನೋಡಿದರೆ ಇಳಕಲ್ ಅಂತ ಕುರುಡರಿಗೂ ತಿಳಿಯುತ್ತದೆ, ಅದಕ್ಕೆ ದಡಿ ಕತ್ತರಿಸಿ ತೆಗೆದಳು. ಸೆರಗು ನೋಡಿದರೆ ಇನ್ನೂ ಬೇಗ ತಿಳಿಯುತ್ತದೆ, ಸೆರಗೂ ಹೋಯಿತು. ಹಸಿರು ರಫೂ ಇದ್ದ ಜಾಗವನ್ನಂತೂ ಹಲ್ಲು ಕಿತ್ತ ಹಾಗೆ ಕಿತ್ತು ಮೂಲೆಗೆ ಎಸೆದಳು. ಉಳಿದ ಬಟ್ಟೆಯ ಮೇಲೆ ಕಾಗದ ಹಾಸಿದರೆ ಸಾಲದು! ತಲೆ ಕೆರೆದುಕೊಂಡಳು. ಹೊರಗಿನ ಗೀಟು ಬಿಟ್ಟು ಒಳಗಿನ ಗೀಟಿನ ಮೇಲೇ ಕತ್ತರಿ ಓಡಿಸಿದಳು. ಕಿಸೆಯನ್ನೂ ಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆದರೆ ಆತುರದಲ್ಲಿ ಇದ್ದವರಿಗೆ ಗಾದೆ ಕೇಳಿಸುವುದಿಲ್ಲ.

ಫ್ರಾಕು ಹೊಲಿದಾಯಿತು. ನಿಜಕ್ಕೂ ಚಂದ ಕಾಣುತ್ತಿತ್ತು. ನಿಂಬೆವ್ವ ತೊಟ್ಟುಕೊಂಡು ಅವ್ವನವರ ಮುಂದೆ ಬಂದು ನಿಂತಳು.

"ಈಗ ಹೇಳ್ರಿ ಅವ್ವಾರ. ಇದು ಸೀರಿ ಇತ್ತಂತ ಯಾರರ ಅಂದಾರೇನ್ರಿ?"

"ಯಾರೂ ಅನ್ನೂದಿಲ್ಲ. ಭಾಳ ಚಂದ ಆಗೈತಿ," ಅಂದರು ಅವ್ವನವರು. "ನೀರಡಿಕಿ ಆಗೈತಿ ನನಗ. ಬಾವ್ಯಾಗಿಂದ ಒಂದು ಕೊಡ ಸೇದಿ ತಾ."

ನಿಂಬೆವ್ವ ಕುಣಿಯುತ್ತ ಹೋದಳು. ಹಗ್ಗ ಬಿಟ್ಟಳು, ಕೊಡ ಮುಳುಗಿತು. ಮೊದಲ ಸಲ ಜಗ್ಗಿದಾಗ ಕಂಕುಳಲ್ಲಿ ಏನೋ ಚಿಟಿಕೆ ಹೊಡೆದಂತಾಯಿತು. ಎರಡನೇ ಸಲ ಜಗ್ಗಿದಾಗ ಫ್ರಾಕು ಪರ್ರ್ ಎಂದು ಬೆನ್ನಿನ ತನಕ ಬಾಯಿ ಬಿಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎರಡೂ ತೋಳುಗಳನ್ನು ಮೈಗೆ ಒತ್ತಿಕೊಂಡು, ನೀರಿಲ್ಲದೆ ವಾಪಸು ಬಂದಳು. ಕಣ್ಣಲ್ಲಿ ಮಾತ್ರ ಬೇಕಾದಷ್ಟು ನೀರು.

"ಬಿಚ್ಚಿ ಸಡಿಲು ಮಾಡೂಣು, ಅಳಬ್ಯಾಡ," ಎಂದು ಅವ್ವನವರು ಹೊಲಿಗೆಯನ್ನು ತಿರುವಿ ನೋಡಿದರು. "ಸಡಿಲು ಮಾಡಾಕ ಒಳಗ ಏನೈತಿ?"

"ಏನೂ ಇಲ್ರಿ."

"ಅಷ್ಟು ದೊಡ್ಡ ಸೀರಿ. ಬಟ್ಟಿ ಎಲ್ಲಿ ಹೋತು?"

ನಿಂಬೆವ್ವ ಮೂಲೆಗೆ ಬೆರಳು ತೋರಿಸಿದಳು. ದಡಿ, ಸೆರಗು, ಹಸಿರು ರಫೂ ಅಲ್ಲಿ ಬಿದ್ದಿದ್ದವು. "ಅವು ಇದ್ರ ಗುರುತು ಹತ್ತತಿತ್ತಲ್ರಿ..."

"ಖರೆ. ಈಗ ಯಾರಿಗೂ ಗುರುತು ಹತ್ತೂದಿಲ್ಲ. ನಿನಗ ಉಸಿರಾಡಾಕೂ ಬರೂದಿಲ್ಲ."

ಅಳುತ್ತಿದ್ದವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಅಳು ಬಂತು. "ನಾಡದ ಲಗ್ನ ಐತ್ರಿ!"

"ಹಂಗಾದ್ರ ನಾಳೆ ಅನ್ನೋದು ಇಡೀದು ಕೈಯಾಗ ಐತಿ. ಮೂಲ್ಯಾಗಿಂದ ಅವನ್ನ ಎತ್ಕೊಂಡು ಬಾ."

ಮರುದಿನ ಬೆಳಿಗ್ಗೆಯಿಂದ ಬಿಚ್ಚುವುದೇ ಕೆಲಸ. ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೆ ತಾಳ್ಮೆ ಹೆಚ್ಚು ಬೇಕು, ನಿಂಬೆವ್ವನ ಹತ್ತಿರ ಅದು ಇರಲಿಲ್ಲ, ಆದರೂ ಬಿಚ್ಚಿದಳು. ಹರಿದ ಕಂಕುಳಿಂದ ಕೆಳಗೆ ಎರಡೂ ಬದಿಗೆ ಕೆಂಪು ಸೆರಗಿನ ಪಟ್ಟಿ ಸೇರಿಸಿದಳು. ಹರಿದ ಬೆನ್ನಿಗೂ ಅದೇ ಕೆಂಪು. ಈ ಸಲ ಪ್ರತಿ ಪಟ್ಟಿಯಲ್ಲೂ ಎರಡು ಬೆರಳು ಅಳೆದು ಒಳಗೆ ಬಿಟ್ಟಳು. ಕೆಳಗಿನ ಅಂಚಿಗೆ ಸುತ್ತಲೂ ದಡಿ ಬಂತು. ಬದನೆಕಾಯಿ ಬಣ್ಣದ ಪಕ್ಕ ಆ ಕೆಂಪು ಕೂತದ್ದೇ ಫ್ರಾಕಿಗೆ ಜೀವ ಬಂದಂತಾಯಿತು. ತನ್ನ ಕೈಯಿಂದಲೇ ಆದದ್ದು ಅಂತ ಅವಳಿಗೇ ನಂಬಿಕೆ ಬರಲಿಲ್ಲ.

ಕಡೆಗೆ ಉಳಿದದ್ದು ರಫೂ ಇದ್ದ ತುಂಡು.

"ಇದನ್ನ ಚೆಲ್ಲಿ ಬಿಡ್ಲೇನ್ರಿ?"

"ಜಗ್ಗಿ ನೋಡು."

ನಿಂಬೆವ್ವ ಎರಡೂ ಕೈಯಿಂದ ಜಗ್ಗಿದಳು. ಸುತ್ತಲಿನ ಬಟ್ಟೆ ಸಡಿಲಾಯಿತು. ಹಸಿರು ದಾರದ ಜಾಗ ಮಿಸುಕಲಿಲ್ಲ.

"ಇಡೀ ಸೀರ್ಯಾಗ ಗಟ್ಟಿ ಜಾಗಾ ಯಾವುದು?" ಕೇಳಿದರು ಅವ್ವನವರು.

ನಿಂಬೆವ್ವ ಟ್ರಂಕಿನ ಕಾಗದದಲ್ಲಿ ಕಿಸೆಯ ತುಂಡು ಹುಡುಕಿ ಅದರ ಮೇಲೆ ಇಟ್ಟಳು. ಸರಿಯಾಗಿ ಕೂತಿತು.

ಲಗ್ನ ಹೊಳೆಯಾಚೆ, ಗಂಡಿನ ಊರಲ್ಲಿ. ದೋಣಿ ಹತ್ತಿದಾಗಿನಿಂದ ನಿಂಬೆವ್ವನ ಎಡಗೈ ಕಿಸೆಯ ಮೇಲೇ ಇತ್ತು. ಬೆಳಗಿನ ತಿಂಡಿಗೆ ಕೂತಾಗಲೂ ತೆಗೆಯಲಿಲ್ಲ. "ಹೊಟ್ಟಿ ನೋವೇನ?" ಎಂದು ಇಬ್ಬರು ಕೇಳಿದರು.

ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಯಾರೋ ಅವಳ ಕೈಗೆ ಆರತಿ ತಟ್ಟೆ ಕೊಟ್ಟರು. ಮದುಮಗಳ ತಂಗಿ, ಇಲ್ಲ ಅನ್ನುವಂತಿಲ್ಲ. ತಟ್ಟೆ ಎರಡು ಕೈ ಬೇಡಿತು.

ಹಸಿರು ರಫೂ ಎಲ್ಲರ ಮುಂದೆ ಬಯಲಾಯಿತು.

ಮದುಮಗನ ಅಜ್ಜಿ ಮಲ್ಲವ್ವ ಪಕ್ಕದಲ್ಲೇ ಕೂತಿದ್ದಳು. ಅವಳ ಕಣ್ಣು ಕಿಸೆಯ ಮೇಲೆ ಬಿತ್ತು. ಮುದುಕಿ ಕೋಲು ಊರಿ ಎದ್ದಳು, ಬಂದು ಕಿಸೆಯನ್ನು ಗಟ್ಟಿಯಾಗಿ ಹಿಡಿದಳು.

"ಇದು ನಂದು!"

ಅದೇ ಮಾತು. ಚಪ್ಪರದ ಅಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ನಿಂಬೆವ್ವನಿಗೆ ದೋಣಿಯ ಕಡೆ ಓಡಬೇಕು ಅನ್ನಿಸಿತು, ಆದರೆ ಕೈಯಲ್ಲಿ ಉರಿಯುವ ಆರತಿ. ಆರತಿ ಹಿಡಿದವರು ಓಡುವಂತಿಲ್ಲ.

"ಹೌದೇನ್ರಿ, ಆಯಿ?" ಅಂದಳು.

"ಹೌದೇನ್ರಿ ಅಂತ ನನ್ನ ಕೇಳ್ತೀಯಲ್ಲ! ಈ ದಾರ ನಂದು. ಎತ್ತಿನ ಕೋಡಿಗೆ ಸಿಕ್ಕು ಸೀರಿ ಹರೀತು. ಮನ್ಯಾಗ ಇದ್ದದ್ದು ಹಸರ ದಾರ ಒಂದ. ಈ ಮದುಮಗನ ಅಪ್ಪ ಆಗ ತೊಟ್ಟಿಲದಾಗ. ಕಾಲಿಲೆ ತೊಟ್ಟಿಲ ತೂಗತಿದ್ದೆ, ಕೈಲೆ ಇದನ್ನ ಹೊಲೀತಿದ್ದೆ."

ಮುದುಕಿಯ ಬೆರಳು ರಫೂ ಮೇಲೆ ಒಂದೊಂದೇ ಎಳೆ ಸವರಿತು.

"'ಹಳೇದಾತು, ಕೊಟ್ಟುಬಿಡ್ರಿ ಅತ್ತಿ' ಅಂದ್ಲು ನನ್ನ ಸೊಸಿ. ಕೊಟ್ಟೆ. ಅವತ್ತು ನನಗ ರೊಟ್ಟಿ ಸೇರಲಿಲ್ಲ. ಯಾರದೋ ಮನಿ ನೆಲ ಒರಸಾಕತ್ತಿರಬೇಕು ಅಂತ ತಿಳಕೊಂಡಿದ್ನೆವ್ವ."

ಆಮೇಲೆ ಅವಳು ಕೋಲು ಎತ್ತಿ ಕೂಗಿದ್ದು ಇಡೀ ಊರಿಗೇ ಕೇಳಿಸಿರಬೇಕು.

"ಎಲ್ಲಾರೂ ನೋಡ್ರೆ! ನನ್ನ ಸೀರಿ ಕಾಲು ಬಂದು ನಡಕೋತ ಮೊಮ್ಮಗನ ಲಗ್ನಕ್ಕ ಬಂದೈತಿ!"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ನಿಂಬೆವ್ವ ಕಿವಿಗೊಟ್ಟು ಕೇಳಿದಳು. ಇದು ಪಂಚಮಿಯ ದಿನದ ನಗೆಯಲ್ಲ. ಇದರಲ್ಲಿ ಅವಳಿಗೂ ಜಾಗ ಇತ್ತು. ಯಾರೋ ಆರತಿ ತಟ್ಟೆ ತೆಗೆದುಕೊಂಡರು. ಮುದುಕಿ ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ತಂದು ಕಿಸೆ ಉಬ್ಬುವ ತನಕ ತುಂಬಿದಳು.

"ಹರಿಯೂದಿಲ್ಲ ಬಿಡು. ನನ್ನ ಕೈಕೆಲಸ ಅದು," ಅಂದಳು. "ಕೈ ಎತ್ತಿ ಒಂದ್ಸಲ ತಿರುಗು, ನೋಡೂಣು."

ನಿಂಬೆವ್ವ ಎರಡೂ ಕೈ ಮೇಲೆತ್ತಿ ತಿರುಗಿದಳು. ಫ್ರಾಕಿನ ಕೆಂಪು ದಡಿ ಸುತ್ತಲೂ ಹರಡಿಕೊಂಡಿತು. ಎಲ್ಲಿಯೂ ಪರ್ರ್ ಅನ್ನಲಿಲ್ಲ. ಇನ್ನೊಮ್ಮೆ ತಿರುಗಿದಳು, ಯಾರೂ ಹೇಳಿರಲಿಲ್ಲ. ಅವಳಿಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ಆಶ್ರಮಕ್ಕೆ ಮರಳಿದ ನಿಂಬೆವ್ವ ಮೆಟ್ಟಿಲಿನಿಂದಲೇ ಶುರು ಮಾಡಿದಳು.

"ಅಂದ್ಲು ರಿ, ಅವ್ವಾರ! ಅದ ಮಾತು ಅಂದ್ಲು ರಿ!"

"ನೀ ನೆಲದಾಗ ಇಳದು ಹೋದಿ?"

"ಇಲ್ರಿ. ಆಯಿಗೆ ತೆಕ್ಕಿ ಬಿದ್ದೆ."

ಕಿಸೆಯಿಂದ ಕೊಬ್ಬರಿ ಬೆಲ್ಲ ತೆಗೆದು ಅವ್ವನವರ ಮುಂದೆ ಇಟ್ಟಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಕಡೆಗೆ ಒಂದು ಪ್ರಶ್ನೆಗೆ ಬಂದು ನಿಂತಳು.

"'ನಿಮ್ದ ಐತಿ, ತಗೋರಿ ಆಯಿ' ಅಂದೆ. 'ನಂದಿತ್ತು, ಈಗ ನಿಂದು' ಅಂದ್ಲು. ಸೀರಿ ಅಕಿದು. ಕಾಗದ ನಿಮ್ಮ ಗುರುವಿಂದು. ಹೊಲಿಗಿ ನಂದು. ಹಂಗಾದ್ರ ಈ ಫ್ರಾಕು ಖರೇವಂದ್ರ ಯಾರದ್ರಿ?"

ಅವ್ವನವರು ಫ್ರಾಕಿನ ಬದಿಯನ್ನು ಮೆಲ್ಲಗೆ ತಿರುವಿದರು. ಹೊಲಿಗೆಯ ಒಳಗೆ ಬೆರಳಾಡಿಸಿದರು.

"ಎರಡು ಬೆರಳು ಬಿಟ್ಟೀಯಿಲ್ಲ?"

"ಬಿಟ್ಟೀನ್ರಿ."

"ಛಲೋ ಮಾಡಿದಿ," ಎಂದು ಅವ್ವನವರು ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡರು. "ಮುಂದ ಇದನ್ನ ತೊಡುವಾಕಿ ನಿನಗಿಂತ ದಪ್ಪ ಇರಬಹುದು."