ಅಣ್ಣ ಹಾಕಿದ ಚುಕ್ಕಿ

"ಬುದ್ಧಿ, ತಾವು ಹೇಳಿಕೊಟ್ಟ ಪಾಠದಲ್ಲಿ ನಾನು ಒಂದಕ್ಷರವನ್ನೂ ಅತ್ತಿತ್ತ ಮಾಡಿಲ್ಲ. ಆದರೂ ಹೊಸದಾಗಿ ಬಂದ ಹುಡುಗರ ತಲೆಗೆ ಅದು ಹತ್ತುತ್ತಿಲ್ಲ. ತಿದ್ದಬೇಕಾದದ್ದು ಹುಡುಗರನ್ನೋ, ಪಾಠವನ್ನೋ?" ಎಂದು ಶಿಷ್ಯ ನಿರಂಜನಯ್ಯ ಕೇಳಿದ.

ಅವನು ಮಠದ ಪಾಠಶಾಲೆಯನ್ನು ವಹಿಸಿಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಅಷ್ಟರಲ್ಲೇ ಅರ್ಧ ಹುಡುಗರು ಗಂಟುಮೂಟೆ ಕಟ್ಟಿದ್ದರು. ಉಳಿದವರೂ ಹೋದರೆ ಪಾಠಶಾಲೆಯ ಬಾಗಿಲು ಮುಚ್ಚುವುದೊಂದೇ ಬಾಕಿ.

ಗುರುಗಳಿಗೆ ಮೈ ಸೋತಿತ್ತು, ನಾಲಿಗೆ ಸೋತಿರಲಿಲ್ಲ. "ಪಾಠವನ್ನೇ ತಿದ್ದಿ ನೋಡಬಹುದಿತ್ತಲ್ಲ?" ಎಂದರು.

"ತಮ್ಮ ಮಾತಿಗೆ ಕೈ ಹಾಕುವಷ್ಟು ದೊಡ್ಡವನಲ್ಲ ನಾನು."

"ಹಾಗಾದರೆ ಕೂತುಕೋ. ನಿನ್ನಷ್ಟೇ ಒಳ್ಳೆಯವನೊಬ್ಬನ ಕತೆ ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ರೈಲು ಕಾರ್ಖಾನೆಯಿದ್ದ ಒಂದೂರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಇಬ್ಬರೂ ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಒಂದು ಕಟ್ಟಳೆಯಿತ್ತು. ಹಿರಿಯ ಕೆಲಸಗಾರ ಒಂದು ಭಾಗವನ್ನು ಮಾಡಿ ಮುಗಿಸಿದ ಮೇಲೆ, ಅದರ ಮೇಲೆ ಪಂಚು ಎಂಬ ಮೊನಚು ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿ ಒಂದು ಚುಕ್ಕಿ ಹಾಕುತ್ತಿದ್ದ. ಚುಕ್ಕಿ ಬಿದ್ದ ಭಾಗಕ್ಕೆ ಕಿರಿಯರಾರೂ ಅರ ತಾಗಿಸುವಂತಿರಲಿಲ್ಲ. ಅರವೆಂದರೆ ಲೋಹವನ್ನು ಉಜ್ಜಿ ಸವೆಸುವ ಹತಾರ. ತಮ್ಮನು ಕೆಲಸ ಕಲಿತದ್ದು ಅಣ್ಣನ ಕೈಕೆಳಗೆ. ಹಾಗಾಗಿ ಆ ಕಟ್ಟಳೆ ಅವನಿಗೆ ರಕ್ತಗತವಾಗಿತ್ತು.

ಅಣ್ಣ ಬಿಡುವಿನ ವೇಳೆಯಲ್ಲಿ ಒಂದು ಪುಟ್ಟ ರೈಲು ಮಾಡಿ, ಹಜಾರದಲ್ಲಿ ತನ್ನ ಮಂಚದ ಸುತ್ತ ಹಳಿ ಹಾಸಿದ್ದ. ಇಂಜಿನ್ನಿನ ಮೈಯನ್ನು ಹಿತ್ತಾಳೆ ತಗಡಿನಿಂದ ತಾನೇ ಬಡಿದು ಬೆಸೆದಿದ್ದ. ಅದರ ಕೆಳಗಿನ ಚೌಕಟ್ಟನ್ನು, ಅಂದರೆ ಮೋಟರು ಗಾಲಿಗಳಿರುವ ಭಾಗವನ್ನು, ಅಂಗಡಿಯಿಂದ ತಂದಿದ್ದ. ಮುಂದೆ ಅವನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ರೈಲು ಮಂಚದ ಬಳಿ ಹಾದುಹೋಗುವಾಗ ಮಾತ್ರ ಎಡಗೈ ಎತ್ತಿ, ಹಸಿರು ಬಾವುಟ ತೋರಿಸುವವನಂತೆ ಆಡಿಸುತ್ತಿದ್ದ. ಮನೆಯವರ ಪಾಲಿಗೆ ಅಣ್ಣ ಇನ್ನೂ ಇದ್ದಾನೆ ಎಂಬುದಕ್ಕೆ ಅದೇ ಸಾಕ್ಷಿ.

ಒಂದು ದಿನ ಮೋಟರು ಸುಟ್ಟಿತು. ಬಿಚ್ಚಿ ನೋಡಿದರೆ ಹಳೆಯ ಚೌಕಟ್ಟೂ ಬಿರುಕು ಬಿಟ್ಟಿತ್ತು. ಆ ಮಾದರಿಯದು ಈಗ ಎಲ್ಲೂ ಸಿಗುತ್ತಿರಲಿಲ್ಲ. ಅಣ್ಣ ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟ. ಊಟದ ತಟ್ಟೆ ಹೋದ ಹಾಗೇ ವಾಪಸು ಬರತೊಡಗಿತು. ರೈಲು ಓಡದಿದ್ದರೆ ಅಣ್ಣ ಉಳಿಯುವುದಿಲ್ಲ ಎಂದು ತಮ್ಮನಿಗೆ ಖಾತ್ರಿಯಾಯಿತು. ಏನೇ ಆಗಲಿ, ಓಡಿಸಿಯೇ ತೀರುತ್ತೇನೆಂದು ಹಟ ತೊಟ್ಟ.

ಹೊಸ ಮಾದರಿಯ ಚೌಕಟ್ಟು ತರಿಸಿದ. ಅದರ ಮೋಟರು ತುಸು ಎತ್ತರ. ಸ್ಕ್ರೂ ಹಿಡಿಯಲೆಂದು ಅಣ್ಣ ಹಳೆಯ ಮೈಯೊಳಗೆ ಬೆಸೆದಿದ್ದ ಹಿತ್ತಾಳೆಯ ತುಂಡು ಮೋಟರಿನ ತಲೆಗೆ ತಾಗಿತು. ಆ ತುಂಡನ್ನು ಒಂದಿಷ್ಟು ಉಜ್ಜಿದ್ದರೆ ಕೆಲಸ ಮುಗಿಯುತ್ತಿತ್ತು. ತಮ್ಮ ಅರವನ್ನು ಕೈಗೆತ್ತಿಕೊಂಡ. ನೋಡುತ್ತಾನೆ, ಆ ತುಂಡಿನ ಮೇಲೇ ಅಣ್ಣನ ಚುಕ್ಕಿ! ಬಿಸಿ ಮುಟ್ಟಿದವನಂತೆ ಅರವನ್ನು ಕೆಳಗಿಟ್ಟ. ಒಳ್ಳೆಯವರ ಜೊತೆ ಇದೇ ತೊಂದರೆ, ನೋಡು.

ಹಳೆಯದನ್ನು ಮುಟ್ಟದೆ ಹೊಸ ಚೌಕಟ್ಟನ್ನೇ ಕತ್ತರಿಸಿದ. ಮೋಟರನ್ನು ಹಿಂದಕ್ಕೆ ಸರಿಸಿದ. ಮೈಯೇನೋ ಕೂತಿತು. ಆದರೆ ಮೋಟರಿನ ಹಲ್ಲಿಗೆ ಗಾಲಿಯ ಹಲ್ಲು ಸಿಕ್ಕದೆ ಇಂಜಿನ್ ನಿಂತಲ್ಲೇ ಗೊರಗುಟ್ಟಿತು. ಇನ್ನೊಂದು ಚೌಕಟ್ಟು ತರಿಸಿದ. ಈ ಸಲ ಅದನ್ನೂ ಕತ್ತರಿಸದೆ, ನಡುವೆ ದಪ್ಪನೆಯ ಪಟ್ಟಿಗಳನ್ನಿಟ್ಟು ಮೈಯನ್ನೇ ಮೇಲಕ್ಕೆತ್ತಿದ. ಇಂಜಿನ್ ಹಳಿಯ ಮೇಲೆ ಸರಾಗವಾಗಿ ಓಡಿತು. ತಮ್ಮ ಹಿಗ್ಗಿ ಹೀರೆಕಾಯಿಯಾದ. ಸದ್ದು ಕೇಳಿ ಅಣ್ಣ ಗೋಡೆಯಿಂದ ಇತ್ತ ತಿರುಗಿದ.

ಬೋಗಿಗಳನ್ನು ಎಳೆಯುವ ಕೊಂಡಿ ಇದ್ದದ್ದು ಇಂಜಿನ್ನಿನ ಮೈಯಲ್ಲಿ. ಮೈ ಮೇಲೆದ್ದ ಕಾರಣ ಅದೂ ಮೇಲೆದ್ದಿತ್ತು. ತಮ್ಮ ಅದನ್ನು ಬಗ್ಗಿಸಿ ಹೇಗೋ ಬೋಗಿಯ ಕೊಂಡಿಗೆ ಸಿಕ್ಕಿಸಿದ. ಮೊದಲ ತಿರುವಿನಲ್ಲೇ ಕೊಂಡಿ ಕಳಚಿತು. ಬೋಗಿಗಳೆಲ್ಲ ಅಲ್ಲೇ ನಿಂತವು. ಇಂಜಿನ್ ಮಾತ್ರ ತನ್ನ ಪಾಡಿಗೆ ಮಂಚವನ್ನು ಸುತ್ತಿಕೊಂಡು ಬಂತು. ಅಣ್ಣ ಕೈ ಎತ್ತಲಿಲ್ಲ.

"ಮತ್ತೊಂದು ಚೌಕಟ್ಟು ತರಿಸ್ತೀನಿ ಕಣಣ್ಣ. ನಿನ್ನ ಕೆಲಸಕ್ಕೆ ಒಂದು ಗೀರೂ ಬೀಳೋಕೆ ಬಿಡಲ್ಲ" ಎಂದ ತಮ್ಮ.

ಅಣ್ಣ ಬೇಡವೆಂದು ತಲೆಯಾಡಿಸಿದ. ಎಡಗೈ ಚಾಚಿ ಇಂಜಿನ್ ಬೇಕೆಂದು ಸನ್ನೆ ಮಾಡಿದ. ಅದರ ಮೈ ಬಿಚ್ಚಿಸಿದ. ಒಳಗಿನ ತುಂಡನ್ನು, ಅದರ ಮೇಲಿನ ತನ್ನ ಚುಕ್ಕಿಯನ್ನು ನೋಡಿದ. ಆಮೇಲೆ ಅರದ ಕಡೆ ಬೆರಳು ತೋರಿಸಿದ. ತಮ್ಮ ಕೊಡಲಾರದೆ ನಿಂತ. ಅಣ್ಣ ಕಣ್ಣು ಬಿಟ್ಟು ಗದರಿಸಿದ. ಕಾರ್ಖಾನೆಯಲ್ಲಿ ಆ ಕಣ್ಣಿಗೆ ಹೆದರಿದಷ್ಟೇ ಇವತ್ತೂ ಹೆದರಿ ತಮ್ಮ ಅರ ಕೊಟ್ಟ.

ಅಣ್ಣ ಇಂಜಿನ್ನಿನ ಮೈಯನ್ನು ತಮ್ಮನಿಂದ ಹಿಡಿಸಿ ಎಡಗೈಯಲ್ಲಿ ಉಜ್ಜತೊಡಗಿದ. ಕೈ ಜಾರಿತು, ಹಣೆ ಬೆವರಿತು, ಅವನು ಬಿಡಲಿಲ್ಲ. ಮೊದಲು ಅಳಿದದ್ದೇ ಆ ಚುಕ್ಕಿ. ತಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು. ಅಣ್ಣನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಕೈ ಸೋತಾಗ ಅವನು ಅರವನ್ನು ತಮ್ಮನ ಕೈಗೆ ತುರುಕಿದ. ಉಳಿದದ್ದನ್ನು ತಮ್ಮ ಉಜ್ಜಿದ.

ನಡುವಿನ ಪಟ್ಟಿಗಳಿಲ್ಲದೆಯೇ ಹೊಸ ಚೌಕಟ್ಟಿನ ಮೇಲೆ ಹಳೆಯ ಮೈ ಕೂತಿತು. ಬಗ್ಗಿಸಿದ್ದ ಕೊಂಡಿಯನ್ನು ನೆಟ್ಟಗೆ ಮಾಡಿದ್ದೇ ತಡ, ಬೋಗಿಯ ಕೊಂಡಿಗೆ ಸೇರಿತು. ರೈಲು ಅಷ್ಟೂ ಬೋಗಿಗಳನ್ನು ಎಳೆದುಕೊಂಡು ತಿರುವು ದಾಟಿ ಮಂಚದ ಬಳಿಗೆ ಬಂತು. ಅಣ್ಣ ಎಡಗೈ ಎತ್ತಿ ಆಡಿಸಿದ.

ರೈಲು ನಿಂತ ಮೇಲೆ ಅಣ್ಣ ಮತ್ತೆ ಇಂಜಿನ್ನಿನ ಮೈ ಬಿಚ್ಚಿಸಿ ಪಂಚು ತರಿಸಿದ. ತಮ್ಮ ಅದನ್ನು ಅವನ ಕೈಗಿಡಲು ಹೋದ. ಅಣ್ಣ ತೆಗೆದುಕೊಳ್ಳಲಿಲ್ಲ. ಪಂಚಿನ ಮೇಲೆ ತಮ್ಮನ ಬೆರಳುಗಳನ್ನೇ ಮಡಿಸಿ ಒತ್ತಿದ. ಉಜ್ಜಿದ ಜಾಗದ ಮೇಲೆ ತಮ್ಮನೇ ಚುಕ್ಕಿ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನಯ್ಯನ ಹಟವೇನು ಕಡಿಮೆಯದಲ್ಲ.

"ಅಲ್ಲಿ ಮಾಡಿದವನೇ ಎದುರಿಗಿದ್ದ, ಬುದ್ಧಿ. ಅದಕ್ಕೇ ಆ ತಮ್ಮನಿಗೆ ಅರ ಹಿಡಿಯುವ ಧೈರ್ಯ ಬಂತು" ಎಂದ.

ಗುರುಗಳು ಹೇಳಿದ್ದು ಒಂದೇ ಮಾತು:

"ನಾನೂ ನಿನ್ನ ಎದುರಿಗೇ ಇದ್ದೇನಲ್ಲಪ್ಪ, ಅರ ಎಲ್ಲಿ?"