ರುಮಾಲುಗುಡ್ಡದ ಇಪ್ಪತ್ತು ಗುಳಿಗಳು

ಕುಸುಬಿನಾಳ ಊರಿನ ಪಡುವಣ ದಿಕ್ಕಿಗೆ ಎರಡು ಹೊಲ ದಾಟಿದರೆ ರುಮಾಲುಗುಡ್ಡ ಸಿಗುತ್ತದೆ. ಗುಡ್ಡ ಎಂಬುದು ಊರವರ ಅಭಿಮಾನದ ಮಾತು. ಎಮ್ಮೆಗಳು ಏದುಸಿರು ಬಿಡದೆ ಅದನ್ನು ಹತ್ತಿ ಇಳಿಯುತ್ತವೆ. ಎರೆಭೂಮಿಯ ನಡುವೆ ಒಂದಾಳೆತ್ತರಕ್ಕೆ ಎದ್ದ ಹಾಸುಬಂಡೆ, ಅದರ ಬೆನ್ನ ಮೇಲೆ ಸಾಲಾಗಿ ಕೊರೆದ ಇಪ್ಪತ್ತು ಗುಳಿಗಳು, ಸಾಲಿನ ಕೊನೆಗೆ ರುಮಾಲು ಸುತ್ತಿಸಿಕೊಂಡು ನಿಂತ ಮೊಳದುದ್ದದ ಒಂದು ಕಲ್ಲು. ಬಂಡೆಯ ಕೆಳಗೆ ಊರಿನ ಎಣ್ಣೆ ಮಿಲ್ಲು. ದಂಡೆತ್ತಿ ಹೊರಟ ಅರಸನೊಬ್ಬನ ರುಮಾಲು ಇಲ್ಲಿ ಗಾಳಿಗೆ ಹಾರಿ ಬಿತ್ತೆಂದು ದಾರಿಬದಿಯ ಫಲಕದಲ್ಲಿ ಬರೆದಿದೆ. ಫಲಕ ಬರೆಸಿದವರು ಊರಲ್ಲಿ ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ, ಆ ರುಮಾಲು ಹಾರಲಾರದಷ್ಟು ಭಾರವಾಗಿತ್ತೆಂದು ಯಾವ ಮುದುಕಿಯಾದರೂ ಹೇಳುತ್ತಿದ್ದಳು.

ಹಿಂದೆ ಒಮ್ಮೆ ಈ ಬಂಡೆಯ ಮಗ್ಗುಲಲ್ಲಿ ಏಳು ಕಲ್ಲುಗಾಣಗಳಿದ್ದವು ಎನ್ನುತ್ತಾರೆ. ಅವುಗಳ ಒಡತಿ ನಿಂಬೆವ್ವ. ಗಂಡ ತೀರಿಕೊಂಡ ಮೇಲೆ ಏಳು ಗಾಣ, ಹದಿನಾಲ್ಕು ಎತ್ತು, ಹದಿನೆಂಟು ಆಳುಗಳು ಆಕೆಯ ಕೈಗೆ ಬಂದಿದ್ದವು. ಎಣ್ಣೆ ಮಾತ್ರ ಬರುತ್ತಿರಲಿಲ್ಲ. ಅದೇ ಕುಸುಬೆ, ಅದೇ ಕಲ್ಲು, ಆದರೂ ವರ್ಷದಿಂದ ವರ್ಷಕ್ಕೆ ಕೊಡಗಳು ಕಡಿಮೆಯಾಗುತ್ತಿದ್ದವು. ಹೀಗಿರುವಾಗ ಕೋಟೆಯ ಕಿಲ್ಲೇದಾರ ಅಪ್ಪಣೆ ಕಳಿಸಿದ: ದೀಪಾವಳಿಯೊಳಗೆ ನಾನೂರು ಕೊಡ ಎಣ್ಣೆ ಕೋಟೆಗೆ ಮುಟ್ಟಬೇಕು, ಒಂದು ಕೊಡ ಕಡಿಮೆಯಾದರೂ ಏಳೂ ಗಾಣಗಳು ನೆರೆಯೂರಿನ ದುಂಡಪ್ಪ ಸಾವುಕಾರನ ವಶ. ದುಂಡಪ್ಪನಿಗೆ ಆಗಲೇ ಐದು ಗಾಣಗಳಿದ್ದವು. ಸಮಾಧಾನ ಹೇಳಲು ಆತ ಅಂದೇ ಬಂದ; ಬಂದವನು ಗಾಣಗಳ ಸುತ್ತಳತೆಯನ್ನೂ ತೆಗೆದುಕೊಂಡು ಹೋದ.

ಕಳ್ಳತನದ ಗುಮಾನಿ ಬಂದು ನಿಂಬೆವ್ವ ಮಲಕಾರಿ ಎಂಬ ಕಾವಲುಗಾರನನ್ನಿಟ್ಟಳು. ಅವನು ಕೊಡಗಳ ಮೇಲೆ ಕಣ್ಣಿಟ್ಟು ಕೂತ. ಒಂದು ಕೊಡವೂ ಹೋಗಲಿಲ್ಲ, ಎಣ್ಣೆ ಹೋಗುವುದೂ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಬರಿತಲೆಯಲ್ಲಿ ತಿರುಗಿದ್ದ ಮಲಕಾರಿ ತಿಂಗಳೊಳಗೆ ದೊಡ್ಡದೊಂದು ರುಮಾಲು ಸುತ್ತತೊಡಗಿದ. ಕೆಲಸ ಸಿಕ್ಕ ಮೇಲೆ ಮನುಷ್ಯನಿಗೆ ಮರ್ಯಾದೆ ಬಂತೆಂದು ನಿಂಬೆವ್ವ ಸಂತೋಷಪಟ್ಟಳು. ಅವಳ ಆಳುಗಳಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಎತ್ತು ಬಿಚ್ಚುವ ಮುನ್ನ ಪ್ರತಿಯೊಬ್ಬನೂ ತನ್ನ ರುಮಾಲು ಬಿಚ್ಚಿ, ಗಾಣದ ಬಾಯನ್ನೂ ಒನಕೆಯನ್ನೂ ಅದರಿಂದ ನಿಧಾನವಾಗಿ ಒರೆಸಿ, ಕಣ್ಣಿಗೊತ್ತಿಕೊಂಡು ಮತ್ತೆ ಸುತ್ತಿಕೊಳ್ಳುತ್ತಿದ್ದ. ಇಷ್ಟು ಭಕ್ತಿ ಬೇರೆ ಯಾವ ಕಸುಬಿನವರಲ್ಲೂ ಇಲ್ಲವೆಂದು ಆಕೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ದೀಪಾವಳಿಗೆ ಇನ್ನು ಮೂರು ತಿಂಗಳಿರುವಾಗ ಒಂದು ಸಂಜೆ, ಭಕ್ತಿಯ ಈ ಕೆಲಸ ಮುಗಿಸಿದ ಯಮನೂರಪ್ಪ ಗಾಣದ ಪಕ್ಕದಲ್ಲೇ ತಲೆಸುತ್ತಿ ಬಿದ್ದ. ಆಳುಗಳಲ್ಲಿ ಅವನೇ ಹಿರಿಯ. ನಿಂಬೆವ್ವ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಯಾಡಲೆಂದು ರುಮಾಲು ಬಿಚ್ಚಿದಳು. ಅದು ಒದ್ದೆ ಕಂಬಳಿಯಷ್ಟು ಭಾರವಾಗಿತ್ತು. ಅವಳ ಎರಡೂ ಅಂಗೈಗಳಿಂದ ಎಣ್ಣೆ ಮೊಣಕೈವರೆಗೆ ಇಳಿಯಿತು. ಸುತ್ತ ನಿಂತವರು ಏಕಕಾಲಕ್ಕೆ ಆಕಾಶ ನೋಡತೊಡಗಿದರು. ಯಮನೂರಪ್ಪನಿಗೆ ಸಮಯವಲ್ಲದ ಸಮಯದಲ್ಲಿ ಎಚ್ಚರವಾಯಿತು.

"ಏನಿದು ಯಮನೂರಪ್ಪ?"

"ರುಮಾಲ್ರಿ ಅವ್ವಾರ."

"ರುಮಾಲು ನನಗೂ ಕಾಣತೈತಿ. ಅದರೊಳಗಿಂದು ಕೇಳಾಕತ್ತೀನಿ."

ಮುದುಕ ಎದ್ದು ಕೂತ. "ದಿನಾ ಎಣ್ಣಿ ತಗೀತೀವ್ರಿ. ಮನ್ಯಾಗ ಒಗ್ಗರಣಿಗಿ ಹನಿ ಎಣ್ಣಿ ಇರಂಗಿಲ್ಲ. ಇದನ್ನ ಹಿಂಡಿದ್ರ ಒಂದು ಪಾವು ಬರತೈತಿ, ಅರ್ಧ ಮಣ್ಣಿಗಿ ಹೋಗತೈತಿ. ಉಳದದ್ದಕ್ಕೂ ಬೆವರಿನ ವಾಸನಿ. ಹೆಣ್ತಿ ಮೂಗು ಮುಚ್ಚಿಕೊಂಡು ಒಗ್ಗರಣಿ ಹಾಕತಾಳ್ರಿ."

"ಎಲ್ಲಾರೂ ಹಿಂಗೇನು?"

"ಮಲಕಾರಿದು ಎರಡು ಪಾವ್ರಿ. ಅವನ ತಲಿ ದೊಡ್ಡದೈತಿ."

ಕಿಲ್ಲೇದಾರನಿಗೆ ಒಂದು ಮಾತು ಹೋದರೆ ಹತ್ತೊಂಬತ್ತು ಜನರ ಬೆನ್ನಿನ ಚರ್ಮ ಸುಲಿಯುತ್ತಿತ್ತು. ನಿಂಬೆವ್ವ ಅದನ್ನು ಯೋಚಿಸಲಿಲ್ಲವೆಂದಲ್ಲ. ಆದರೆ ಚರ್ಮ ಸುಲಿದವರಿಂದ ಗಾಣ ತಿರುಗಿಸಿ ನಾನೂರು ಕೊಡ ತುಂಬಿಸುವುದು ಹೇಗೆಂಬುದನ್ನೂ ಯೋಚಿಸಿದಳು. ತನ್ನ ಮನೆಯ ಒಗ್ಗರಣೆಯ ಘಮ ದಿನವೂ ಇವರ ಮೂಗಿಗೆ ಬಡಿಯುತ್ತಿತ್ತೆಂಬುದು ಆಕೆಗೆ ಅಂದೇ ಹೊಳೆದದ್ದು. ಮರುದಿನ ಕಲ್ಲುಕುಟಿಗರನ್ನು ಕರೆಸಿ ಬಂಡೆಯ ಮೇಲೆ ಇಪ್ಪತ್ತು ಗುಳಿ ಕೊರೆಸಿದಳು. ಆಳುಗಳಿಗೂ ಕಾವಲುಗಾರನಿಗೂ ಒಂದೊಂದು, ಇಪ್ಪತ್ತನೆಯದು ತನ್ನ ಮನೆಯ ಖರ್ಚಿಗೆ. ಆರು ಕೊಡ ಎಣ್ಣೆ ತೆಗೆದರೆ ಐದು ಗಾಣಕ್ಕೆ, ಆರನೆಯದು ಹಗಲಲ್ಲಿ, ಎಲ್ಲರೆದುರು, ಗುಳಿಗಳಿಗೆ ಸಮನಾಗಿ. ಹೆಚ್ಚು ಬಂದರೆ ಎಲ್ಲರಿಗೂ ಹೆಚ್ಚು, ಕಡಿಮೆಯಾದರೆ ಎಲ್ಲರಿಗೂ ಕಡಿಮೆ. ಸುದ್ದಿ ಕೇಳಿದ ದುಂಡಪ್ಪ, "ನಿಂಬೆವ್ವ ಕಲ್ಲಿಗಿ ಎಣ್ಣಿ ಕುಡಸಾಕತ್ತಾಳಂತ" ಎಂದು ಸಂತೆಯಲ್ಲೆಲ್ಲ ನಗಾಡಿದ.

ಮೊದಲ ವಾರದಲ್ಲೇ ಸಂಜೆಯ ಭಕ್ತಿ ನಿಂತುಹೋಯಿತು. ಎರಡನೆಯ ವಾರ ಯಮನೂರಪ್ಪ ಬಂದು, ಒನಕೆಗಳು ಸವೆದು ಎಷ್ಟೋ ವರ್ಷವಾಯಿತು, ಹಿಂಡಿಯಲ್ಲೇ ಎಣ್ಣೆ ಉಳಿಯುತ್ತಿದೆ ಎಂದ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, ಇಷ್ಟು ದಿನ ಯಾರೂ ಕೇಳಿರಲಿಲ್ಲವೆಂದ. ಹೊಸ ಒನಕೆಗಳು ಬಂದವು. ಕುಸುಬೆಯನ್ನು ಎರಡು ಬಿಸಿಲು ಕಾಯಿಸಿ, ಅರೆಯುವಾಗ ಬಿಸಿನೀರು ಚಿಮುಕಿಸಿದರೆ ಎಣ್ಣೆ ಬೇಗ ಬಿಡುತ್ತದೆಂದು ಇನ್ನೊಬ್ಬನಿಗೆ ನೆನಪಾಯಿತು. ಕಾಯುವುದಕ್ಕೆ ಏನೂ ಉಳಿಯದ ಮಲಕಾರಿ ತಾನಾಗಿಯೇ ಕುಸುಬೆ ಒಣಗಿಸಲು ನಿಂತ. ಅತ್ತ, ನಿಂಬೆವ್ವನ ಹಿಂಡಿ ಕೊಂಡೊಯ್ದು ಗುಟ್ಟಾಗಿ ಮತ್ತೆ ಗಾಣಕ್ಕೆ ಹಾಕುತ್ತಿದ್ದ ದುಂಡಪ್ಪ, ಈಚೆಗೆ ಹಿಂಡಿಯಲ್ಲಿ ಸತ್ವವಿಲ್ಲವೆಂದು ದೂರು ಹೇಳಿ ಕಳಿಸಿದ. ಆ ದೂರಿಗೆ ಆಳುಗಳು ಬಂಡೆಯ ಮೇಲೆ ಕೂತು ನಕ್ಕ ಸದ್ದು ದುಂಡಪ್ಪನ ಊರಿಗೂ ಕೇಳಿಸಿತಂತೆ.

ದೀಪಾವಳಿಗೆ ನಾಲ್ಕು ದಿನವಿರುವಾಗ ನಾನೂರು ಕೊಡ ಹೊತ್ತ ಬಂಡಿಗಳು ಹೊರಟವು. ಹಳ್ಳ ದಾಟುವಾಗ ಒಂದು ಬಂಡಿಯ ಅಚ್ಚು ಮುರಿದು ಮೂವತ್ತು ಕೊಡ ನೀರುಪಾಲಾಯಿತು. ಕಣಜದಲ್ಲಿ ಒಂದು ಕಾಳು ಕುಸುಬೆಯಿರಲಿಲ್ಲ. ನಿಂಬೆವ್ವ ಮನೆಗೆ ಬಂದು, ಗಂಡನ ಕಾಲದ ಏಳು ಗಾಣಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಕೊನೆಯದರ ಬಳಿ ಕೂತುಬಿಟ್ಟಳು. ಮರುದಿನ ಬೆಳಿಗ್ಗೆ ಹತ್ತೊಂಬತ್ತು ಮನೆಗಳ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಬಂಡೆಯ ದಾರಿಯಲ್ಲಿ ಬಂದರು. ಅವರಲ್ಲಿ ಹದಿನಾಲ್ಕು ಮಂದಿ ಎರಡನೆಯ ಸಲವೂ ಹೋಗಿ ಬಂದರು. ಉಂಡು, ಮಾರಿ ಉಳಿಸಿಕೊಂಡ ತಮ್ಮ ಪಾಲಿನ ಎಣ್ಣೆ.

"ನಿಮ್ಮ ಪಾಲಿಂದು ನಾ ಹೆಂಗ ಇಸಕೊಳ್ಳಲಿ?" ಎಂದು ನಿಂಬೆವ್ವ ಕಣ್ಣೊರೆಸಿಕೊಂಡಳು.

"ದಾನ ಅಲ್ರಿ ಅವ್ವಾರ," ಎಂದ ಯಮನೂರಪ್ಪ. "ಗಾಣ ಸಾವುಕಾರಗ ಹೋದ್ರ ನಾವು ಮತ್ತ ರುಮಾಲು ಹಿಂಡಬೇಕಾಗತೈತಿ. ಹೆಣ್ತಿ ಸುತಾರಾಂ ಒಲ್ಲೆ ಅಂದಾಳ."

ಕೋಟೆಯ ಬಾಗಿಲಲ್ಲಿ ದುಂಡಪ್ಪ ಹೊಸ ಧೋತರ ಉಟ್ಟು ಕಾಯುತ್ತಿದ್ದ. ಕಿಲ್ಲೇದಾರನ ಜನ ಎಣಿಸಿದಾಗ ಕೊಡಗಳು ನಾನೂರಾ ಮೂರಿದ್ದವು. ಮುಂದಿನ ವರ್ಷಕ್ಕೆ ಎಂಟುನೂರು ಕೊಡದ ಅಪ್ಪಣೆಯಾಯಿತು, ಗಾಣಗಳು ಎಂದೆಂದಿಗೂ ನಿಂಬೆವ್ವನವೆಂದು ತಾಮ್ರದ ತಗಡಿನಲ್ಲಿ ಬರೆದುಕೊಟ್ಟರು ಎನ್ನುತ್ತಾರೆ. ಹಬ್ಬ ಕಳೆಯುವ ಮೊದಲೇ ದುಂಡಪ್ಪನ ಆಳುಗಳು ಕೆಲಸ ಕೇಳಿಕೊಂಡು ಬಂಡೆಯ ಹತ್ತಿರ ಬಂದರು. ಯಮನೂರಪ್ಪ ಅವರ ತಲೆಗಳನ್ನು ಒಮ್ಮೆ ನೋಡಿ, "ಮೊದಲು ಹಿಂಡಿ ಬರ್ರಿ" ಎಂದನಂತೆ. ದುಂಡಪ್ಪನ ಎಣ್ಣೆ ಎಲ್ಲಿಗೆ ಹೋಗುತ್ತಿತ್ತೆಂಬುದು ದುಂಡಪ್ಪನ ಹೊರತು ಎಲ್ಲರಿಗೂ ಅಂದು ತಿಳಿಯಿತು. ಏಳು ಗಾಣಗಳು ಕೆಲವೇ ವರ್ಷಗಳಲ್ಲಿ ನಲವತ್ತಾದವು, ಬಯಲಿನಲ್ಲೊಂದು ಊರೇ ಎದ್ದಿತು; ಅದೇ ಕುಸುಬಿನಾಳ. ಯಮನೂರಪ್ಪ ತನ್ನ ಹಳೆಯ ರುಮಾಲನ್ನು ಒಗೆದು ಒಣಗಿಸಿ ಗುಳಿಗಳ ಪಕ್ಕದ ಕಲ್ಲಿಗೆ ಸುತ್ತಿದ. ಅಂದಿನಿಂದ ಅದು ರುಮಾಲುಗುಡ್ಡ.

ಈಗಲೂ ದೀಪಾವಳಿಯ ಹಿಂದಿನ ದಿನ ಮಿಲ್ಲಿನ ಹಿರಿಯ ಕೆಲಸಗಾರ ಹೊಸ ರುಮಾಲೊಂದನ್ನು ಎಲ್ಲರೆದುರು ಹಿಂಡಿ, ಹನಿ ಬೀಳುವುದಿಲ್ಲವೆಂದು ತೋರಿಸಿ ಕಲ್ಲಿಗೆ ಸುತ್ತುತ್ತಾನೆ. ಆಮೇಲೆ ಇಪ್ಪತ್ತೂ ಗುಳಿಗಳಿಗೆ ಎಣ್ಣೆ ಬೀಳುತ್ತದೆ. ನೋಡಲು ಬಂದವರು ಇವುಗಳಲ್ಲಿ ಒಡತಿಯದು ಯಾವುದೆಂದು ಕೇಳುವುದುಂಟು. ಊರವರಿಗೆ ಗೊತ್ತಿಲ್ಲ. ಕೆಲವರು ಪಾವು ತಂದು ಅಳೆದೂ ನೋಡಿದ್ದಾರೆ. ಎಲ್ಲ ಗುಳಿಗಳೂ ಒಂದೇ ಸಮನೆ ಹಿಡಿಯುತ್ತವೆ.