ತಿದ್ದಿದ ತಾರೀಖು

ವರದಾ ನದಿಯ ದಂಡೆಯ ಆಶ್ರಮದಲ್ಲಿ ಪರ್ವತಯ್ಯನವರು ನಾರು ಬೇರಿನ ಔಷಧಿ ಕೊಡುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರು ಹೇಳಿದ ಪ್ರಮಾಣವನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು ಶಿಷ್ಯ ಅಡವೀಶನ ಕೆಲಸ. ಅದನ್ನು ನೋಡಿ ಪುಡಿಯ ಪೊಟ್ಟಣ ಕಟ್ಟಿ, ಎಷ್ಟು ತಿನ್ನಬೇಕೆಂದು ಹೇಳಿ ಕೊಡುವವಳು ಬಸಲಿಂಗವ್ವ. ಮೂವತ್ತು ವರ್ಷದಿಂದ ಅವಳದು ಅದೇ ಕೆಲಸ.

ಒಮ್ಮೆ ಅಜ್ಜಾರು ‘ಕಾಲು ಚಮಚ’ ಎಂದದ್ದನ್ನು ಅಡವೀಶ ‘ನಾಲ್ಕು ಚಮಚ’ ಎಂದು ಬರೆದ. ಆ ಪುಡಿ ತಿಂದ ಹೆಂಗಸೊಬ್ಬಳು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿ, ಹೇಗೋ ಬದುಕಿ ಬಂದಳು.

ಸುದ್ದಿ ತಿಳಿದ ಕೂಡಲೇ ಅಡವೀಶ ಫೈಲು ತೆರೆದು ‘ಕಾಲು’ ಎಂದು ತಿದ್ದಿದ. ತಿದ್ದಿದ ತಾರೀಖನ್ನು ಹಿಂದಿನ ಕಾರ್ತಿಕಕ್ಕೆ ಸರಿಸಿದ. ಮತ್ತೆ ಯಾರೂ ಮುಟ್ಟದಂತೆ ‘ಓದಲು ಮಾತ್ರ’ ಎಂಬ ಗುರುತು ಹಾಕಿದ.

ಆಶ್ರಮದ ಹಿರಿಯರು ಬಂದು ನೋಡಿದರು. ಬರಹ ಸರಿಯಾಗಿತ್ತು, ತಾರೀಖು ಹಳೆಯದಿತ್ತು. ಎಲ್ಲರೂ ಬಸಲಿಂಗವ್ವನ ಕಡೆ ತಿರುಗಿದರು.

“ನಾಲ್ಕು ಅಂತನ ಇತ್ರೀ. ಕಣ್ಣಾರೆ ನೋಡೀನಿ,” ಎಂದಳು ಆಕೆ.

ಹಿರಿಯರು ಮತ್ತೆ ತಾರೀಖಿನ ಕಡೆ ಬೆರಳು ತೋರಿದರು. ಅಜ್ಜಾರೂ ಅವಳ ಪರ ಮಾತಾಡಲಿಲ್ಲ.

“ನನ್ನ ಕಣ್ಣ ತಪ್ಪಿರಬೇಕು,” ಎಂದು ಬಸಲಿಂಗವ್ವ ಗಂಟು ಕಟ್ಟಿಕೊಂಡು ತಂಗಿಯ ಊರಿಗೆ ಹೊರಟುಹೋದಳು.

ಅಡವೀಶ ಹದಿನೆಂಟು ದಿನ ತಾಳಿದ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಾರ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟ.

ಅಜ್ಜಾರು ಹಿಂಡುತ್ತಿದ್ದ ಪಂಚೆಯನ್ನು ಕಲ್ಲಿನ ಮೇಲಿಟ್ಟರು.

“ಆ ತಾರೀಖು ಬರಹದ ಒಳಗ ಇರ್ತದೇನು?”

“ಇಲ್ಲರೀ ಅಜ್ಜಾರ. ಬರಹ ಒಂದು ಕಡೆ. ಅದು ಹುಟ್ಟಿದ್ದು ಯಾವಾಗ, ತಿದ್ದಿದ್ದು ಯಾವಾಗ, ತೆರೆದದ್ದು ಯಾವಾಗ, ಅದೆಲ್ಲ ಬೇರೆ ಕಡೆ ಬರೆದಿರ್ತದ. ತಾರೀಖು ಬದಲಿಸಿದರೂ ಬರಹದ ಒಂದಕ್ಷರ ಅಲುಗಾಡೂದಿಲ್ಲ.”

“ಬರಹಕ್ಕ ಗೊತ್ತಾಗೂದಿಲ್ಲ.”

“ಇಲ್ಲರೀ.”



“ಈಗಲೇ ಹೋಗಿ ಖರೇ ತಾರೀಖು ಹಾಕ್ತೀನ್ರೀ,” ಎಂದು ಅಡವೀಶ ತಿರುಗಿದ.

“ನಿಲ್ಲು. ಅದು ಆಮೇಲೆ. ಮೊದಲು ಊಟದ ಪಂಕ್ತಿಯೊಳಗ ಎಲ್ಲರ ಮುಂದೆ ಹೇಳು. ಆಮೇಲೆ ಬಸಲಿಂಗವ್ವನ ಕಡೆ ನಡಿ, ನಾನೂ ಬರ್ತೀನಿ.”

“ಎರಡು ಹರದಾರಿ ದಾರಿ. ನೀವ್ಯಾಕ್ರೀ? ತಪ್ಪು ನಂದು.”

“ಮೂವತ್ತು ವರ್ಷ ಕಂಡ ಹೆಣ್ಣುಮಗಳನ್ನ ಬಿಟ್ಟು ನಾ ಒಂದು ತಾರೀಖು ನಂಬಿದ್ನಿ. ಅದೂ ನಿಂದ ತಪ್ಪೇನು?”

ಊಟದ ಹೊತ್ತಿಗೆ ಅಡವೀಶ ಎಲ್ಲರೆದುರು ಹೇಳಿದ. ಬಿಸಿಲಿನಲ್ಲೇ ಇಬ್ಬರೂ ಹೊರಟರು. ದಾರಿಯಲ್ಲಿ ದಣಿದು ಅಜ್ಜಾರು ಎರಡು ಕಡೆ ಕುಳಿತು ಎದ್ದರು.

ಬಸಲಿಂಗವ್ವ ತಂಗಿಯ ಮನೆಯ ಕಟ್ಟೆಯ ಮೇಲಿದ್ದಳು. ಪಕ್ಕದಲ್ಲಿ ತಂಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಸಲಿಂಗವ್ವನ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಅಡವೀಶ ಅವಳ ಕಾಲು ಹಿಡಿದ. “ಅವ್ವಾ, ಅಲ್ಲಿ ನಾಲ್ಕು ಅಂತನ ಇತ್ತು. ನಾ ಬರೆದಿದ್ದೆ, ನಾನೇ ಮುಚ್ಚಿಟ್ಟೆ. ನಿನ್ನ ಕಣ್ಣು ತಪ್ಪಿರಲಿಲ್ಲ.”

ಅಜ್ಜಾರು ಕೈ ಮುಗಿದು ನಿಂತರು. “ನಾ ನಿನ್ನ ಪರವಾಗಿ ಒಂದು ಮಾತು ಆಡಲಿಲ್ಲ, ತಾಯಿ.”

ಅವಳು ಇಬ್ಬರನ್ನೂ ನೋಡಿದಳು. ಅಳಲಿಲ್ಲ, ಬೈಯಲೂ ಇಲ್ಲ.

“ಅಕ್ಕಿಯೊಳಗಿನ ಹಳ್ಳು ಆರಿಸೂದನ್ನೂ ಬಿಟ್ಟೀನಿ, ತಮ್ಮಾ,” ಎಂದಳು. “ಕಣ್ಣಿನ ಮ್ಯಾಲ ನಂಬಿಕಿ ಇಲ್ಲ.”

“ಈಗ ಗೊತ್ತಾತಲ್ಲ ಅವ್ವಾ. ನಡಿ, ಆಶ್ರಮಕ್ಕ ಹೋಗೂಣು.”

ಬಸಲಿಂಗವ್ವ ಎದ್ದು ಒಳಗೆ ಹೋಗಿ ಇಬ್ಬರಿಗೂ ನೀರು ತಂದುಕೊಟ್ಟಳು. ಮತ್ತೆ ಹೊರಗೆ ಬರಲಿಲ್ಲ.

ಊರ ಹೊರಗೆ ಬಂದಾಗ ಅಡವೀಶನ ಕಣ್ಣು ತುಂಬಿತ್ತು.

“ಅಜ್ಜಾರ, ಎಲ್ಲಾ ಒಪ್ಪಿಕೊಂಡ್ನಲ್ಲ. ಆದರೂ ಆಕಿ ಯಾಕ ಬರಲಿಲ್ಲ?”

ಅಜ್ಜಾರು ಕೋಲೂರಿ ನಿಂತರು.

“ನೀ ಹೇಳಿದ ದಿನ ಇವತ್ತು. ಆಕಿ ಮನಸ್ಸಿಗೆ ಅದು ಕೇಳಿಸೋ ದಿನ ಬ್ಯಾರೆ. ಕಾಯಬೇಕು.”